ರೇಡಿಯೇಶನ್ ಮೈಲಿಗೆ

ಹೊಂಗೇದೊಡ್ಡಿಯ ಬೋರಲಿಂಗಯ್ಯ ಮೊಬೈಲ್ ಕೈಗೆ ಬಂದ ದಿನ ಮೊದಲು ಹೋದದ್ದು ಟೈಲರ್ ಅಂಗಡಿಗೆ. ತನ್ನ ಮೂರೂ ಅಂಗಿಗಳ ಎಡಜೇಬು ಬಿಚ್ಚಿಸಿ, ಆ ಜಾಗಕ್ಕೆ ತೆಳ್ಳನೆಯ ಬಟ್ಟೆಯ ಜೇಬು ಹೊಲಿಸಿಕೊಂಡ. ಮೊದಲ ದಿನದ ನೂಲಿನೊಳಗೆ ರೇಷ್ಮೆಹುಳು ಮಸುಕಾಗಿ ಕಾಣುತ್ತದಲ್ಲ, ಹಾಗೆ ಜೇಬಿನೊಳಗೆ ಮೊಬೈಲ್ ಕಾಣಬೇಕು; ಕರೆ ಬಂದಾಗ ಎದೆಯ ಮೇಲೆ ಹಸಿರು ದೀಪ ಹೊತ್ತಿಕೊಳ್ಳಬೇಕು. ಯಾರ ಜೊತೆ ಮಾತಾಡುವುದು ಎನ್ನುವ ಪ್ರಶ್ನೆ ಅವನಿಗೆ ಆಮೇಲೆ ಹೊಳೆಯಿತು. ಉತ್ತರ ಮಾತ್ರ ಹೊಳೆಯಲಿಲ್ಲ. ಅವನಿಗೆ ಬೇಕಾದವರೆಲ್ಲ ಕೂಗಿದರೆ ಕೇಳಿಸುವಷ್ಟು ದೂರದಲ್ಲೇ ಇದ್ದರು.

ಕೈಲಾಂಚದ ಕಡೆ ಟವರ್ ಎದ್ದ ಹೊಸತು, ಎರಡು ಸಾವಿರದ ಐದನೇ ಇಸವಿ. ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಬಾಮೈದ ಮನೋಹರ್ ತಾನು ಹೊಸದು ಕೊಂಡು ಹಳೆಯದನ್ನು ಭಾವನಿಗೆ ದಾಟಿಸಿದ್ದ. ಇಡೀ ಹೊಂಗೇದೊಡ್ಡಿಗೆ ಅದೊಂದೇ ಮೊಬೈಲ್. "ಬೋರಲಿಂಗಣ್ಣ, ಒಂದೇ ಒಂದ್ ಮಾತು ಆಡ್ಬುಟ್ಟು ಕೊಡ್ತೀನಿ" ಎಂದು ಬಂದವರಿಗೆ ಅವನು ಇಲ್ಲ ಎನ್ನುತ್ತಿರಲಿಲ್ಲ. ಒಂದೇ ಷರತ್ತು: ಟೀ ಅಂಗಡಿಯ ಮುಂದೆ, ನಾಲ್ಕು ಜನರ ಎದುರಿಗೆ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಬೇಕು. ಟೀ ಅಂಗಡಿಯ ಗಂಗಹನುಮಯ್ಯ ಒಂದು ಎಮ್ಮೆಯ ವಿಚಾರವಾಗಿ ತನ್ನ ಷಡ್ಡಕನ ಜೊತೆ ಮುಕ್ಕಾಲು ಗಂಟೆ ಆಡಿದ ಒಂದೇ ಮಾತು ಊರಿನಲ್ಲಿ ಇನ್ನೂ ದಾಖಲೆಯಾಗಿ ಉಳಿದಿದೆ.

ಇಂಥ ಗಣ್ಯ ವ್ಯಕ್ತಿಯ ಮನೆಯಲ್ಲಿ ಮೊಬೈಲಿಗಿಂತ ದೊಡ್ಡ ಅಧಿಕಾರವೊಂದಿತ್ತು. ಅದು ಅವನ ತಾಯಿ ಬೈರಮ್ಮ.

ಬೈರಮ್ಮ ಐವತ್ತು ವರ್ಷದಿಂದ ಹುಳು ಮೇಯಿಸಿದವಳು. ಅವರ ಮನೆಯ ಪಡಸಾಲೆಯೇ ಹುಳುಮನೆ. ಒಳಗೆ ಕಾಲಿಡುವವರು ಬಾಗಿಲಿನ ಸುಣ್ಣದ ಪುಡಿ ತುಳಿದು, ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿ ಬರಬೇಕು. ಬೀಡಿ ಸೇದಿದವರು, ಸಾವಿನ ಮನೆಗೆ ಹೋಗಿಬಂದವರು, ಹೆರಿಗೆಯ ಮೈಲಿಗೆಯಿರುವ ಪುರುಡಿನ ಮನೆಯಿಂದ ಬಂದವರು ಜಗಲಿಯಿಂದಲೇ ಮಾತಾಡಿ ಹೋಗಬೇಕು. ಮೀನು ಹುರಿಯುವುದಿದ್ದರೆ ಬೇರೆ ಬೀದಿಯಲ್ಲಿ ಹುರಿಯಬೇಕು. ಈ ಶಾಸನಕ್ಕೆ ವಿನಾಯಿತಿ ಇರಲಿಲ್ಲ. ಅವಳ ಒಬ್ಬಳೇ ಮಗಳು ಹೊನ್ನಗಂಗ ಕುದೂರಿನಲ್ಲಿ ತುಂಬಿದ ಗರ್ಭಿಣಿ. ತವರಿಗೆ ಬರಬೇಕಾದವಳು. ಆದರೆ ಹುಳು ಇರುವ ಮನೆಗೆ ಬಾಣಂತಿಯ ಪುರುಡು ಆಗದು ಎಂದು ಅವಳನ್ನು ಗಂಡನ ಮನೆಯಲ್ಲೇ ಬಿಟ್ಟಿದ್ದರು. ಈ ಸಲದ ನೂರೈವತ್ತು ಮೊಟ್ಟೆ ಹುಳು, ಅಂದರೆ ನೂರೈವತ್ತು ಚಿಟ್ಟೆಗಳು ಇಟ್ಟ ಅಷ್ಟೂ ಮೊಟ್ಟೆಯ ಹುಳು, ಚೆನ್ನಾಗಿ ಗೂಡು ಕಟ್ಟಿದರೆ, ಹುಟ್ಟುವ ಮಗುವಿಗೆ ತೊಟ್ಟಿಲು ಮತ್ತು ಬೆಳ್ಳಿ ಉಡಿದಾರ ತೆಗೆದುಕೊಂಡು ತಾನೇ ಕುದೂರಿಗೆ ಹೋಗುವುದೆಂದು ಬೈರಮ್ಮ ಹೇಳಿದ್ದಳು. ಹೇಳಿದ ಮೇಲೆ ಆ ಮಾತು ಮತ್ತೆ ಎತ್ತಿರಲಿಲ್ಲ. ಸೊಪ್ಪು ಹಾಕುವಾಗ ಮಾತ್ರ ಒಂದೊಂದು ಸಲ ಕೈ ನಿಲ್ಲಿಸಿ ಕುದೂರಿನ ದಿಕ್ಕಿಗೆ ನೋಡುತ್ತಿದ್ದಳು.

ಹುಳು ನಾಲ್ಕನೇ ಜ್ವರ ಎದ್ದ ದಿನ ಈ ಕಥೆ ಶುರುವಾಯಿತು. ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ ಕೂತು, ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯ ಜ್ವರ. ಅಲ್ಲಿಂದ ಏಳು ದಿನ ಹುಳು ಹಗಲೂ ಇರುಳೂ ತಿನ್ನುತ್ತದೆ. ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕೂತರೆ ಸೋನೆಮಳೆ ಹಿಡಿದಂತೆ ಸದ್ದು.

ಆ ದಿನ ಬೋರಲಿಂಗಯ್ಯ ಬ್ಲೀಚಿಂಗ್ ಪುಡಿ ತರಲು ರಾಮನಗರಕ್ಕೆ ಹೋದ. ಒಂದು ಸಭಾಭವನದ ಬಾಗಿಲಲ್ಲಿ ಉಪ್ಪಿಟ್ಟು ಹಂಚುತ್ತಿದ್ದರು. ಒಳಗೆ ಆರೋಗ್ಯ ಮಾಹಿತಿ ಕಾರ್ಯಕ್ರಮ. ಜುವೇರಿಯಾ ಎನ್ನುವ ಡಾಕ್ಟರಮ್ಮ ಮೊಬೈಲಿನ ಬಗ್ಗೆ ಮಾತಾಡುತ್ತಿದ್ದರು. ಬೋರಲಿಂಗಯ್ಯ ಅರ್ಧ ಭಾಷಣ ಮುಗಿದ ಮೇಲೆ ಕೂತು, ಉಪ್ಪಿಟ್ಟು ಮುಗಿದ ಕೂಡಲೇ ಎದ್ದ. ನಡುವೆ ಅವನ ಕಿವಿಗೆ ಬಿದ್ದದ್ದು ಇಷ್ಟು: ಮೊಬೈಲಿನಿಂದ ಕಣ್ಣಿಗೆ ಕಾಣದ ರೇಡಿಯೇಶನ್ ಹೊರಡುತ್ತದೆ, ಮೈಯಿಂದ ದೂರ ಇಟ್ಟಷ್ಟೂ ಒಳ್ಳೆಯದು.

ಸಂಜೆ ಟೀ ಅಂಗಡಿಯಲ್ಲಿ ಈ ಎರಡು ವಾಕ್ಯ ಒಂದೂವರೆ ಗಂಟೆಯ ಉಪನ್ಯಾಸವಾಯಿತು.

"ರೇಡಿಯೇಶನ್ ಅಂದ್ರೆ ಏನಂದ್ಕಂಡಿದ್ದೀರಿ? ಕಣ್ಣಿಗೆ ಕಾಣಾಕಿಲ್ಲ. ವಾಸ್ನೆ ಇಲ್ಲ. ಬಂದಿದ್ದೇ ಗೊತ್ತಾಗಾಕಿಲ್ಲ."

"ನಮ್ ಹುಳಕ್ಕೆ ಬರೋ ಸಪ್ಪೆ ರೋಗದಂಗೆ ಅನ್ನು," ಎಂದ ಗಂಗಹನುಮಯ್ಯ, ಲೋಟ ತೊಳೆಯುತ್ತ.

ಬೋರಲಿಂಗಯ್ಯನಿಗೆ ಇದು ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದಕ್ಕೆ ಅದು ಸಮಯವಲ್ಲ. "ಅದೇ ಕಣ್ಲಾ! ಸರಿಯಾಗಿ ಹಿಡ್ದೆ ನೋಡು. ಹಂಗೇ."

"ಹಂಗಾರೆ ಮುಟ್ಟಿದ್ರೆ ಅಂಟ್ಕತದಾ?"

"ಅಂಟ್ಕಳ್ದೆ? ದೂರ ಇಡಿ ಅಂತ ಡಾಕ್ಟ್ರು ಸುಮ್ನೆ ಯೋಳ್ತಾರಾ?"

ಈ ಮಾತು ಬೋರಲಿಂಗಯ್ಯನಿಗಿಂತ ಮೊದಲೇ ಮನೆ ತಲುಪಿತು. ಅವನು ಬಂದಾಗ ಜಗಲಿಯ ಉದ್ದಕ್ಕೂ ಬೆರಳು ದಪ್ಪದ ಸುಣ್ಣದ ಗೆರೆ. ಬಾಗಿಲಲ್ಲಿ ಬೈರಮ್ಮ, ಅವಳ ಹಿಂದೆ, ಬಾಯಿಗೆ ಸೆರಗು ಅಡ್ಡ ಹಿಡಿದ ಹೆಂಡತಿ ಲತಾಮಣಿ.

"ಅಲ್ಲೇ ನಿಂತ್ಕಳಪ್ಪ," ಎಂದಳು ಬೈರಮ್ಮ. "ಆ ಪೆಟ್ಟಿಗೆ ಎಷ್ಟು ದಿನದಿಂದ ಎದೆ ಮ್ಯಾಲೆ ಐತೆ?"

"ಎರಡ್ ತಿಂಗ್ಳಾಯ್ತು. ಯಾಕವ್ವ?"

"ಸಪ್ಪೆ ರೋಗದಂತದ್ದು ಅಂತ ನೀನೇ ಯೋಳಿದ್ಯಂತೆ. ಎರಡ್ ತಿಂಗ್ಳು ಎದೆ ಮ್ಯಾಲೆ ಇಟ್ಕಂಡೋನ್ನ ನಾಲ್ಕನೇ ಜ್ವರ ಎದ್ದಿರೋ ಹುಳದ ತಾವ ಬುಡ್ಲಾ?"

"ಅವ್ವ, ನಾನು ಯೋಳಿದ್ದು ಮನುಷ್ಯರ ವಿಚಾರ…"

"ಮನುಷ್ಯರಿಗೇ ಹಂಗಾದ್ರೆ ಹುಳದ ಗತಿ ಏನ್ಲಾ? ಲತಾ, ಅವನ ಚಾಪೆ ಈಚೆಗೆ ಎಸಿ."

ಲತಾಮಣಿ ಚಾಪೆ ಎಸೆದಳು. ಅದು ಸುರುಳಿ ಬಿಚ್ಚಿಕೊಂಡು ಅವನ ಕಾಲ ಬುಡಕ್ಕೇ ಬಂದು ಹಾಸಿಕೊಂಡಿತು. "ತಟ್ಟೆ ಕಿಟಕಿಲಿ ಕೊಡ್ತೀನಿ. ತೊಳ್ದು ಅಲ್ಲೇ ಮಗುಚಾಕಿ," ಎಂದಳು.

ಮೊಬೈಲಿಗೂ ಶಿಕ್ಷೆಯಾಯಿತು. ಬೋರಲಿಂಗಯ್ಯ ಅದನ್ನು ಗೆರೆಯ ಆಚೆಗೆ ಇಟ್ಟ. ಲತಾಮಣಿ ಬಟ್ಟೆ ಸುತ್ತಿದ ಕೈಯಿಂದ ಎತ್ತಿ, ಮಡಕೆಯೊಂದರಲ್ಲಿ ಹಾಕಿ, ಬಾಯಿ ಕಟ್ಟಿ, ಹಿತ್ತಲ ಹೊಂಗೆಮರದ ಕೊಂಬೆಗೆ ನೇತುಹಾಕಿದಳು. ಊರಿನ ಮಕ್ಕಳು ದೂರ ನಿಂತು ಆ ಮಡಕೆಯನ್ನು ಜೇನುಗೂಡು ನೋಡುವ ಹಾಗೆ ನೋಡಿದರು.

ಹೊಂಗೇದೊಡ್ಡಿಯಲ್ಲಿ ಹುಳು ಮೇಯಿಸದ ಮನೆಯಿಲ್ಲ. ಬೈರಮ್ಮ ಒಂದು ಹೊಸ ಎಚ್ಚರಿಕೆ ತೆಗೆದುಕೊಂಡಳೆಂದರೆ ಉಳಿದವರು ಸುಮ್ಮನಿರುವ ಹಾಗಿಲ್ಲ. ಮರುದಿನ ಗಂಗಹನುಮಯ್ಯನ ಹೆಂಡತಿ ಅವನನ್ನು ಅಂಗಡಿಯಲ್ಲೇ ಮಲಗಲು ಹೇಳಿದಳು. ಮುಕ್ಕಾಲು ಗಂಟೆ ಮಾತಾಡಿದವನಿಗೆ ಬೇರೆ ವಿಚಾರಣೆ ಬೇಕಿರಲಿಲ್ಲ. ಒಂದೇ ಸಲ "ಹಲೋ" ಅಂದ ಮರಿಯಪ್ಪನೂ ಹೊರಬಿದ್ದ. ಆ ಕಡೆಯಿಂದ ಯಾರೂ ಮಾತೇ ಆಡಲಿಲ್ಲವೆಂದು ಅವನು ದೇವರ ಮೇಲೆ ಆಣೆ ಮಾಡಿದ. "ಮಾತ್ ಬರ್ದಿದ್ರೂ ಅದು ಬಂದಿರ್ತದೆ," ಎಂದಳು ಅವನ ಅತ್ತಿಗೆ. ನಾಲ್ಕನೇ ದಿನದ ಹೊತ್ತಿಗೆ ಹದಿನೇಳು ಗಂಡಸರು ಹದಿನೇಳು ಜಗಲಿಗಳ ಮೇಲಿದ್ದರು. ಸಂಜೆ ಬೀದಿಯಲ್ಲಿ ನಡೆದರೆ ಮೆರವಣಿಗೆಗೆ ಕಾದು ಕೂತಂತೆ ಎರಡೂ ಬದಿಗೆ ಸಾಲು. ಹೆಂಗಸರು ಫೋನಿನಲ್ಲಿ ಮಾತಾಡಿದ್ದರೋ ಇಲ್ಲವೋ ಯಾರೂ ಕೇಳಲಿಲ್ಲ. ಕೇಳಬೇಕಾದವರೆಲ್ಲ ಹೊರಗಿದ್ದರು.

ಹುಳು ನೋಡಿಕೊಂಡು ಹೋಗಲು ರೇಷ್ಮೆ ಇಲಾಖೆಯ ಸಾಹೇಬರಾದ ಸ್ವಾಮಿಯವರು ಸ್ಕೂಟರಿನಲ್ಲಿ ಬಂದರು. ಅವರ ಸೊಂಟದ ಬೆಲ್ಟಿಗೆ ಮೊಬೈಲ್ ಸಿಕ್ಕಿಸಿತ್ತು. ಬೈರಮ್ಮ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಸ್ವಾಮೀ, ಸೊಂಟದಾಗಿರೋದು ಎಷ್ಟು ದಿನದ್ದು?"

"ಇದಾ? ವರ್ಷ ಆಯ್ತಮ್ಮ."

"ವರ್ಷ!" ಬೈರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. "ಕಿಟಕಿಲಿ ನೋಡಿ."

ಸ್ವಾಮಿಯವರು ಕಿಟಕಿಗೆ ಮುಖವೊತ್ತಿ ನೋಡಿದರು. "ಅಜ್ಜಿ, ಹುಳುವಿನ ರೋಗಗಳ ಪಟ್ಟಿ ನನ್ನ ಹತ್ತಿರ ಇದೆ. ಅದರಲ್ಲಿ ಮೊಬೈಲ್ ಅಂತ ಒಂದು ರೋಗ ಇಲ್ಲ."

"ಪಟ್ಟಿ ಬರ್ದೋರ ಮನೇಲಿ ಹುಳ ಐತಾ?"

"ಹುಳು ಬಹಳ ಚೆನ್ನಾಗಿವೆ" ಎಂದು ಕಿಟಕಿಯಿಂದಲೇ ಹೇಳಿ ಅವರು ಸ್ಕೂಟರ್ ಹತ್ತಿದರು. ಅವರು ಹೋದ ಮೇಲೆ ಸ್ಕೂಟರ್ ನಿಂತಿದ್ದ ಜಾಗಕ್ಕೆ ಲತಾಮಣಿ ಸುಣ್ಣ ಎರಚಿದಳು.

ಬೋರಲಿಂಗಯ್ಯನಿಗೆ ಎರಡು ಸಂಕಟ. ಒಂದನ್ನು ಯಾರಿಗೂ ಹೇಳುವಂತಿರಲಿಲ್ಲ. ಮೂರನೇ ದಿನ ತಡೆಯಲಾರದೆ, ಯಾರೂ ಇಲ್ಲದಾಗ ಹೊಂಗೆಮರ ಹತ್ತಿ ಮಡಕೆಯ ಬಾಯಿ ಬಿಚ್ಚಿದ್ದ. ಒಳಗೆ ಬಟ್ಟೆ ಸುತ್ತಿದ ಒಂದು ಕಲ್ಲು. ಮೊಬೈಲ್ ಇಲ್ಲ! ಕೋತಿ ಹೊತ್ತೊಯ್ದಿತೇ? ಕೋತಿ ಕಲ್ಲಿಗೆ ಬಟ್ಟೆ ಸುತ್ತುತ್ತದೆಯೇ? ಊರಿಗೊಂದೇ ಮೊಬೈಲಿನ ಯಜಮಾನ ಅದನ್ನು ಕಳೆದುಕೊಂಡ ಎಂದು ಗೊತ್ತಾದರೆ ಆ ತೆಳ್ಳನೆಯ ಜೇಬುಗಳ ಗತಿಯೇನು? ಅವನು ಮಡಕೆಯ ಬಾಯಿ ಮೊದಲಿನಂತೆಯೇ ಕಟ್ಟಿ ಇಳಿದ.

ಎರಡನೆಯದು ದೊಡ್ಡದು. ಇನ್ನು ಮೂರೇ ದಿನಕ್ಕೆ ಹುಳು ಹಣ್ಣಾಗುತ್ತದೆ. ಹಣ್ಣಾದ ಹುಳುವಿನ ಕತ್ತು ಬೆಳಕಿಗೆ ಹಿಡಿದ ದ್ರಾಕ್ಷಿಯಂತೆ ಹೊಳೆಯುತ್ತದೆ. ಆಗ ಒಂದೊಂದನ್ನೇ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ತಡವಾದರೆ ಹುಳು ಸಿಕ್ಕಸಿಕ್ಕಲ್ಲಿ ನೂಲು ಉಗುಳಿ ಬೆಳೆ ಹಾಳು. ನೂರೈವತ್ತು ಮೊಟ್ಟೆಯ ಹುಳು ಆಯಲು ಕನಿಷ್ಠ ಹನ್ನೆರಡು ಜನ ಬೇಕು. ಅದಕ್ಕೇ ಊರಿನಲ್ಲಿ ಮುಯ್ಯಾಳಿನ ಪದ್ಧತಿ: ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಈಗ ಮುಯ್ಯಾಳುಗಳೆಲ್ಲ ಜಗಲಿಯ ಮೇಲೆ. ಹುಳು ಆಯುವುದರಲ್ಲಿ ಊರಿಗೇ ಕಣ್ಣು ಎನಿಸಿಕೊಂಡಿದ್ದ ಬೋರಲಿಂಗಯ್ಯ ಜಗಲಿಗಳಿಗೆಲ್ಲ ಮೊದಲಿಗ. ಒಳಗಿದ್ದವರು ಇಬ್ಬರೇ ಹೆಂಗಸರು.

ಆರನೇ ದಿನ ಅವನು ರಾಮನಗರದ ಆಸ್ಪತ್ರೆಗೆ ಹೋಗಿ, ಚೀಟಿ ಮಾಡಿಸಿ, ಡಾಕ್ಟರ್ ಜುವೇರಿಯಾ ಅವರ ಮುಂದೆ ಕೂತ.

"ಏನು ತೊಂದರೆ?"

"ರೇಡಿಯೇಶನ್ ಮೇಡಂ. ಒಸಿ ತೆಗ್ದುಬುಡಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನನ್ನ ಭಾಷಣಕ್ಕೆ ಬಂದಿದ್ರಾ?"

"ಬಂದಿದ್ದೆ ಮೇಡಂ. ಉಪ್ಪಿಟ್ಟು ಚೆನ್ನಾಗಿತ್ತು."

ಎಲ್ಲ ಕೇಳಿದ ಮೇಲೆ ಅವರು ನಗಲಿಲ್ಲ. ಅವರ ತಂದೆ ರೇಷ್ಮೆ ನೂಲು ಬಿಚ್ಚುವವರು. ಹುಳುಮನೆಯ ಬಾಗಿಲಿನ ಸುಣ್ಣ ಎಂದರೇನೆಂದು ಅವರಿಗೆ ಗೊತ್ತಿತ್ತು. "ನೋಡಿ ಬೋರಲಿಂಗಯ್ಯನವರೇ, ರೂಮಿನಲ್ಲಿ ದೀಪ ಆರಿಸಿದ ಮೇಲೆ ಬೆಳಕು ಗೋಡೆಗೆ ಅಂಟಿಕೊಂಡು ಇರುತ್ತಾ?"

"ಇರಾಕಿಲ್ಲ."

"ಇದೂ ಹಾಗೇ. ಮೈಗೆ ಅಂಟೋದಿಲ್ಲ, ಒಬ್ಬರಿಂದ ಒಬ್ಬರಿಗೆ ಹರಡೋದಿಲ್ಲ. ಫೋನಿನ ಅಲೆ ಬಹಳ ದುರ್ಬಲ. ಇಷ್ಟರಿಂದ ಕಾಯಿಲೆ ಬರುತ್ತೆ ಅಂತ ಇಲ್ಲಿವರೆಗೂ ಖಚಿತವಾಗಿಲ್ಲ, ತಿಳಿದವರು ಇನ್ನೂ ನೋಡ್ತಾ ಇದ್ದಾರೆ. ಅಲ್ಲಿವರೆಗೆ ಒಂದಿಷ್ಟು ಜೋಪಾನ ಮಾಡಿದರೆ ನಷ್ಟ ಏನೂ ಇಲ್ಲ, ಅಷ್ಟೇ ನಾನು ಹೇಳಿದ್ದು. ನೀವು ದಿನಕ್ಕೆ ಎಷ್ಟು ಹೊತ್ತು ಮಾತಾಡ್ತೀರಿ?"

ಬೋರಲಿಂಗಯ್ಯ ಬಹಳ ಹೊತ್ತು ಲೆಕ್ಕ ಹಾಕಿದ. "ಎರಡ್ ತಿಂಗ್ಳಿಗೆ… ಆರ್ ನಿಮಿಷ ಆಗಿರ್ಬೋದು ಮೇಡಂ. ಅದ್ರಾಗೂ ನಾಲ್ಕು ನಿಮಿಷ ರಾಂಗ್ ನಂಬರು."

ಆಗ ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಆದರೂ ಒಂದು ಕಾಗದದಲ್ಲಿ ಕನ್ನಡದಲ್ಲೇ ಬರೆದುಕೊಟ್ಟರು: ಇವರ ಮೈಯಲ್ಲಿ ಯಾವ ರೇಡಿಯೇಶನ್ನೂ ಇಲ್ಲ, ಇವರನ್ನು ಮನೆಯೊಳಗೆ ಸೇರಿಸಿಕೊಳ್ಳಬಹುದು. ಕೆಳಗೆ ಫೋನಿನ ಜೋಪಾನ: ಸ್ಪೀಕರ್ ಹಾಕಿ ಕಿವಿಯಿಂದ ದೂರ ಇಟ್ಟು ಮಾತಾಡಿ. ಚುಟುಕಾಗಿ ಮುಗಿಸಿ. ಸಿಗ್ನಲ್ ಚೆನ್ನಾಗಿರುವ ಕಡೆ ಮಾತಾಡಿ. ಇಲ್ಲದ ಕಡೆ ಫೋನು ತನ್ನ ಅಲೆಯನ್ನು ಹೆಚ್ಚು ಜೋರು ಮಾಡುತ್ತದೆ. ಮಲಗುವಾಗ ದಿಂಬಿನ ಕೆಳಗೆ ಇಡಬೇಡಿ.

ಮರುದಿನ ಬೆಳಗ್ಗೆ ಅವನು ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಸುಣ್ಣದ ಗೆರೆಯ ಮುಂದೆ ನಿಂತ. ಅವನ ಹಿಂದೆ ಗಂಗಹನುಮಯ್ಯ, ಮರಿಯಪ್ಪ ಮತ್ತು ಉಳಿದವರು. ಅವನಿಗೆ ಬಿಡುಗಡೆಯಾದರೆ ತಮಗೂ ಆದಂತೆ ಎಂದು ಎಲ್ಲರೂ ಮಿಂದು ಬಂದಿದ್ದರು.

ಬೈರಮ್ಮ ಕಾಗದವನ್ನು ದೂರದಿಂದಲೇ ಮೂಸಿದಳು. "ಆಸ್ಪತ್ರೆ ವಾಸ್ನೆ ಬತ್ತೈತೆ. ಆಗಾಕಿಲ್ಲ. ಹುಳಕ್ಕೆ ಆಗಾಕಿಲ್ಲ."

"ಅವ್ವ, ಕಾಗದ ಈಚೇಲೇ ಇರ್ಲಿ. ನಾನು ಒಳೀಕೆ ಬತ್ತೀನಿ!"

"ಕಾಗದ ಹಿಡ್ದ ಕೈ ಯಾರ್ದು?"

ಗಂಗಹನುಮಯ್ಯ ಹಣೆ ಹಣೆ ಬಡಿದುಕೊಂಡ. ಅಷ್ಟರಲ್ಲಿ ಬೋರಲಿಂಗಯ್ಯ ಸುಮ್ಮನೆ ಕೈ ಎತ್ತಿದ. "ಶ್… ಕೇಳ್ರೋ."

ಏನೂ ಕೇಳಿಸುತ್ತಿರಲಿಲ್ಲ. ಅದೇ ವಿಷಯ. ಏಳು ದಿನ ಮಳೆಯಂತೆ ಸುರಿದ ಸದ್ದು ನಿಂತಿತ್ತು. ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ. ಆ ಮೌನ ಏನೆಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತು. ಒಳಗೆ ಸಾವಿರಾರು ಹುಳು ತಲೆ ಎತ್ತಿ ಜಾಗ ಹುಡುಕುತ್ತಿವೆ. ಹೊರಗೆ ಹದಿನೇಳು ಜನ ಗೆರೆ ನೋಡುತ್ತ ನಿಂತಿದ್ದಾರೆ. ಬೈರಮ್ಮ ಒಮ್ಮೆ ಹಿಂದೆ ತಿರುಗಿ ತಟ್ಟೆಗಳನ್ನು ನೋಡಿದಳು, ಒಮ್ಮೆ ಮಗನನ್ನು ನೋಡಿದಳು. ಐವತ್ತು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ಆಜ್ಞೆ ಹೊರಡಲಿಲ್ಲ.

ಆ ನಿಶ್ಶಬ್ದದ ನಡುವೆ ಹುಳುಮನೆಯ ಒಳಗಿನಿಂದ ಮೊಬೈಲ್ ಹೊಡೆದುಕೊಂಡಿತು.

ಟಿರಿಂಗ್ ಟಿರಿಂಗ್ ಟಿರಿಂಗ್!

ಹದಿನೇಳು ತಲೆಗಳು ಹಿತ್ತಲ ಹೊಂಗೆಮರದ ಕಡೆ ತಿರುಗಿದವು. ಮತ್ತೆ ಬಾಗಿಲ ಕಡೆ ತಿರುಗಿದವು. ಲತಾಮಣಿ ಸೂರಿನ ತೊಲೆಗಳನ್ನು ಎಣಿಸತೊಡಗಿದಳು.

ಬೈರಮ್ಮ ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಒದ್ದೆ ಗೋಣಿ ಮುಚ್ಚಿದ್ದ ಸೊಪ್ಪಿನ ಕುಕ್ಕೆಯ ಪಕ್ಕದಿಂದ ಮೊಬೈಲ್ ತೆಗೆದು, ಕಿಟಕಿಯ ಕಟ್ಟೆಯ ಮೇಲಿಟ್ಟು, ಒಂದು ಗುಂಡಿ ಒತ್ತಿ, ಇನ್ನೊಂದು ಗುಂಡಿ ಒತ್ತಿ, ಒಂದು ಮೊಳ ಹಿಂದೆ ಸರಿದು, ಹೊಲದ ಆಚೆಯವರನ್ನು ಕರೆಯುವಂತೆ ಕೂಗಿದಳು: "ಹ್ಞೂಂ, ಯೋಳು!"

"ಅತ್ತೆ, ನಾನು ರಾಮಲಿಂಗಯ್ಯ," ಎಂದಿತು ಮೊಬೈಲು, ಬೀದಿಗೆಲ್ಲ ಕೇಳಿಸುವಂತೆ. ಅದು ಕುದೂರಿನ ಅಳಿಯನ ಧ್ವನಿ. "ದಿನಾ ಈ ಹೊತ್ಗೆ ನೀವೇ ಮಾಡ್ತಿದ್ರಲ್ಲ, ಇವತ್ತು ಬರ್ಲಿಲ್ಲ ಅಂತ ನಾನೇ ಮಾಡ್ದೆ. ಬೆಳಗಿನ ಜಾವ ಆಯ್ತು. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗವ್ರೆ."

"ಹೊನ್ನಗಂಗ ಉಂಡ್ಳಾ?"

"ಗಂಜಿ ಕುಡುದ್ಳು."

"ಬುಡು ಹಂಗಾರೆ. ಇಡ್ತೀನಿ." ಬೈರಮ್ಮ ಗುಂಡಿ ಒತ್ತಿದಳು. ಆಮೇಲೆ ಬೆನ್ನು ತಿರುಗಿಸಿ, ಬೇಕಾದುದಕ್ಕಿಂತ ಒಂದಿಷ್ಟು ಹೆಚ್ಚು ಹೊತ್ತು ಸೆರಗಿನಿಂದ ಮುಖ ಒರೆಸಿಕೊಂಡಳು.

ಹೊರಗೆ ಗಂಗಹನುಮಯ್ಯನಿಗೆ ತಡೆಯಲಾಗಲಿಲ್ಲ. "ಅಲ್ಲಾ ಬೈರಕ್ಕ, ಪುರುಡಿನ ಮನೆ ಸುದ್ದಿ, ಅದೂ ಫೋನಾಗೆ, ಅದೂ ಹುಳದ ನೆತ್ತಿ ಮ್ಯಾಲೆ…"

"ಫೋನಾಗೆ ಪುರುಡು ಬರಾಕಿಲ್ಲ ಕಣ್ಲಾ!" ಬೈರಮ್ಮ ಬಾಗಿಲಿಗೆ ಬಂದಳು. ಅಧಿಕಾರ ಮರಳಿ ಬಂದಿತ್ತು. "ಪುರುಡೇ ಬರಾಕಿಲ್ಲ, ಇನ್ನು ನಿಮ್ ರೇಡಿಯೇಶನ್ ಎಲ್ಲಿಂದ ಬಂದಾತು? ಐದ್ ದಿನದಿಂದ ಇಲ್ಲೇ ನಿಂತು ಮಾತಾಡಿವ್ನಿ. ಒಂದ್ ಹುಳ ಕೆಟ್ಟೈತಾ ನೋಡ್ರಿ ಬಂದು!"

"ಹಂಗಾರೆ ಏಳ್ ದಿನ ನನ್ನ ಜಗಲಿ ಮ್ಯಾಲೆ ಯಾಕವ್ವ ಹಾಕ್ದೆ?" ಎಂದ ಬೋರಲಿಂಗಯ್ಯ. ದನಿ ಅಳುವ ಹಾಗಿತ್ತು.

"ನೀನ್ ಒಳಗಿದ್ರೆ ಅದು ನಿನ್ನ ಜೇಬಿನಾಗೇ ಇರ್ತಿತ್ತಲ್ಲಪ್ಪ. ಮೊದಲ ದಿನ ನಿಜ್ವಾಗ್ಲೂ ಭಯ ಆಗಿತ್ತು. ಎರಡನೇ ದಿನಕ್ಕೆ ಮಗಳ ದನಿ ಕೇಳಬೇಕು ಅನ್ನುಸ್ತು. ಟೀ ಅಂಗಡಿ ಮುಂದೆ ನಾಲ್ಕು ಜನದ ಎದುರಿಗೆ ಅವಳ ನೋವು ಕೇಳಾಕ್ ಆಯ್ತದಾ? ಲತಾನೇ ಗುಂಡಿ ತೋರ್ಸಿದ್ಳು. ದೂರ ಇಡು ಅಂತ ನೀನೇ ಊರಿಗೆಲ್ಲ ಯೋಳಿದ್ದೆ, ಅದ್ಕೇ ಒಂದ್ ಮೊಳ ದೂರ ಇಟ್ಕಂಡು, ಮೂರೇ ಮಾತಿಗೆ ಮುಗುಸ್ತಿದ್ದೆ. ಏನ್ ನೋಡ್ತಾ ನಿಂತ್ರಿ? ಹುಳ ಹಣ್ಣಾಗೈತೆ! ಕೈ ತೊಳ್ಕಂಡು ಸುಣ್ಣ ತುಳ್ಕಂಡು ಬನ್ನಿ!"

ಹದಿನಾರು ಜನ ನುಗ್ಗಿದರು. ಬೋರಲಿಂಗಯ್ಯ ಒಬ್ಬ ಮಾತ್ರ ಅರೆಗಳಿಗೆ ನಿಂತು ಡಾಕ್ಟರಮ್ಮನ ಕಾಗದ ಬಿಡಿಸಿ ಓದಿದ. ಸ್ಪೀಕರ್ ಹಾಕಿ. ದೂರ ಇಡಿ. ಚುಟುಕಾಗಿ ಮುಗಿಸಿ. ಸಿಗ್ನಲ್ ಚೆನ್ನಾಗಿರುವ ಕಡೆ ನಿಲ್ಲಿ. ಅದು ಟವರಿನ ಕಡೆಗಿದ್ದ ಆ ಕಿಟಕಿಯೇ. ಇಡೀ ಊರಿನಲ್ಲಿ ಮೊಬೈಲನ್ನು ಸರಿಯಾಗಿ ಬಳಸಿದವಳು ಒಬ್ಬಳೇ, ಅದೂ ಕದ್ದು. ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡ. ತೆಳ್ಳನೆಯ ಜೇಬು; ಹೊರಗಿನಿಂದಲೇ ಓದಬಹುದಿತ್ತು.

ಸಂಜೆಯ ಹೊತ್ತಿಗೆ ಕೊನೆಯ ಹುಳುವೂ ಚಂದ್ರಿಕೆ ಏರಿತು.

ವಾರ ಕಳೆದು ಗೂಡಿನ ಮೂಟೆಗಳೊಂದಿಗೆ ರಾಮನಗರದ ಬಸ್ಸು ಹತ್ತುವ ಮಗನಿಗೆ ಬೈರಮ್ಮ ಒಂದೇ ಮಾತು ಹೇಳಿ ಕಳಿಸಿದಳು: "ಮಾರ್ಕೆಟ್ನಾಗೆ ಬಾಯಿ ಬುಡಬ್ಯಾಡ." ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಗಂಗಹನುಮಯ್ಯ ಕಿವಿಯಲ್ಲಿ ಉಸುರಿದ, "ಅಣ್ಣ, ನಮ್ ಹುಳ ಮೂರನೇ ಜ್ವರದಾಗೇ ಮಂಕಾಗವೆ. ಆ ಫೋನು ಒಂದೆರಡು ದಿನ ನಮ್ ಹುಳುಮನೇಲಿ ಇಟ್ರೆ…" ಬೋರಲಿಂಗಯ್ಯ ಹಲ್ಲು ಕಚ್ಚಿ ಕಿಟಕಿಯಾಚೆ ನೋಡಿದ. ಬಾಯಿ ಬಿಡಲಿಲ್ಲ.

ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ವಹಾಬ್ ಸಾಹೇಬರು ಅವನ ರಾಶಿಗೆ ಕೈ ಹಾಕಿ ಬೆರಗಾದರು. "ಕ್ಯಾ ಗೂಡು! ಏನ್ ಮಾಡಿದ್ರಿ ಈ ಸಾರಿ?" ಜನ ಸೇರಿದರು. ಬೋರಲಿಂಗಯ್ಯ ತುಟಿ ಬಿಗಿಹಿಡಿದ. ಅವನ ಜೀವಮಾನದಲ್ಲಿ ಅಷ್ಟು ಜನ ಕೇಳಲು ಸಿದ್ಧರಾಗಿ ನಿಂತದ್ದು ಇರಲಿಲ್ಲ. ಅವನು ಅಷ್ಟು ಹೊತ್ತು ಸುಮ್ಮನಿದ್ದದ್ದೂ ಇರಲಿಲ್ಲ. ವಹಾಬ್ ಸಾಹೇಬರು ಒಂದು ಗೂಡು ಎತ್ತಿ, ಒಳಗೆ ಕೋಶವಾದ ಹುಳು ಗಟ್ಟಿಯಾಗಿದೆಯೇ ಎಂದು ತಿಳಿಯಲು ಕಿವಿಗೆ ಹಿಡಿದು ಅಲ್ಲಾಡಿಸಿದರು. ಮತ್ತೆ ಅಲ್ಲಾಡಿಸಿ, ಕಣ್ಣು ಮುಚ್ಚಿ, ಕಿವಿಗೊಟ್ಟು ನಿಂತರು.

ಬೋರಲಿಂಗಯ್ಯನ ಕಟ್ಟೆ ಒಡೆಯಿತು.

"ಒಸಿ ದೂರ ಇಟ್ಕಳಿ ಸಾಬ್ರೇ," ಎಂದ. "ಡಾಕ್ಟ್ರು ಯೋಳವ್ರೆ."